ಅಂಟಿಲ್ಲದ ಹಲಗೆಗಳು

ಕುಮಾಸಿ ಪಟ್ಟಣದ ನಮ್ಮ ಮರಗೆಲಸದ ಅಂಗಳದಲ್ಲಿ ಜಗಳಕ್ಕೇನೂ ಬರವಿಲ್ಲ. ನೆರಳಿಗೆ ಜಗಳ, ಕರೆಂಟಿಗೆ ಜಗಳ, ಪಕ್ಕದವನ ಹೊಟ್ಟು ಹಾರಿ ಬಂದರೂ ಜಗಳ. ಆದರೆ ಒಂದು ವಿಷಯದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಹಲಗೆಗೆ ಅಂಟು ಹಚ್ಚಿಕೊಂಡವನು ಬಂದು, ಅದನ್ನು ಬಿಗಿದು ಹಿಡಿಯಲು ಕ್ಲಾಂಪು ಕೇಳಿದರೆ ಇಲ್ಲ ಎನ್ನಬಾರದು. ಹಚ್ಚಿದ ಅಂಟು ಯಾರಿಗೂ ಕಾಯುವುದಿಲ್ಲವಲ್ಲ! ನಿಮ್ಮ ಕ್ಲಾಂಪು ಆಗಲೇ ಬೇರೆ ಹಸಿ ಅಂಟನ್ನು ಹಿಡಿದು ನಿಂತಿದ್ದರೆ ಮಾತ್ರ ಮಾಫಿ.

ಕ್ವಾಬೆನಾ ನ್ಯಾರ್ಕೊ ಹಾಳಾದದ್ದು ಈ ಮಾಫಿಯಿಂದಲೇ.

ನಾನು ಅಲ್ಲಿ ಪಾಲಿಶ್ ಹಚ್ಚುವವನು. ಅವನ ಪಕ್ಕದ ಚಪ್ಪರವೇ ನನ್ನದು. ನ್ಯಾರ್ಕೊಗೆ ಮದುವೆಯಾಗಿಲ್ಲ, ಮಾತು ಕಡಿಮೆ, ಕುಡಿತವಿಲ್ಲ, ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚರ್ಚಿಗೆ ಹೋಗುವ ಪ್ರಾಣಿ. ನಾವೆಲ್ಲ ಹಳೇ ಟೈರಿನ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಹಲಗೆಗಳಿಗೆ ಸುತ್ತಿ ಬಿಗಿಯುವವರು. ನ್ಯಾರ್ಕೊಗೆ ಅದು ಸೇರುತ್ತಿರಲಿಲ್ಲ. ಗಟ್ಟಿ ಮರದ ತುಂಡುಗಳನ್ನು ಆಯ್ದು ತಂದು ಕ್ಲಾಂಪು ತಾನೇ ಮಾಡಿದ. ಉದ್ದನೆಯ ಪಟ್ಟಿ, ಎರಡೂ ತುದಿಯಲ್ಲಿ ತಡೆ, ಒಂದು ತಡೆಯ ಒಳಗೆ ಎದುರುಬದುರಾಗಿ ಕೂರುವ ಜೋಡಿ ಬೆಣೆ. ಬೆಣೆಗೆ ಸುತ್ತಿಗೆಯಿಂದ ತಟ್ಟಿದರೆ ಸಾಕು, ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಸಂದಿನಿಂದ ಅಂಟು ಮಣಿಮಣಿಯಾಗಿ ಹೊರಬರುತ್ತಿತ್ತು. ತನಗೇ ಮೆತ್ತಿಕೊಳ್ಳದಿರಲೆಂದು ಒಳಮೈಗೆ ಮೇಣ ಬೇರೆ ತಿಕ್ಕಿದ್ದ. ಅಬ್ಬಾ, ಏನು ಕೈಕೆಲಸ ಅಂತೀರಿ!

ಚೆನ್ನಾಗಿರುವ ವಸ್ತುವಿನ ಹಣೆಬರಹ ಗೊತ್ತೇ ಇದೆ. ದಿನಾ ಯಾರಾದರೊಬ್ಬರು ಬಂದು ಒಯ್ಯುತ್ತಿದ್ದರು. ವಾಪಸು ಬರುವಾಗ ಒಂದರ ಬೆಣೆ ಮಾಯ, ಇನ್ನೊಂದರ ತಡೆ ಸೀಳು, ಮೈತುಂಬ ಒಣಗಿದ ಅಂಟು. ಅವನು ಒಂದು ದಿನವೂ ಬಾಯಿ ತೆಗೆದು ಬೈಯಲಿಲ್ಲ. ಬೈದು ಬಿಡಬೇಕಿತ್ತು ಕಣ್ರೀ, ನಾವೂ ಎರಡು ಮಾತು ಅಂದು ಸುಮ್ಮನಾಗುತ್ತಿದ್ದೆವು. ಅದರ ಬದಲು ಅವನೊಂದು ಉಪಾಯ ಮಾಡಿದ. ಬೆಳಿಗ್ಗೆ ಬಂದವನೇ ಕೆಲಸಕ್ಕೆ ಬಾರದ ಹಲಗೆಗಳನ್ನು ಜೋಡಿಸಿ, ಬಿಡುವಾಗಿರುವ ಕ್ಲಾಂಪುಗಳನ್ನೆಲ್ಲ ಅದಕ್ಕೇ ಬಿಗಿದು ಗೋಡೆಗೆ ಒರಗಿಸಿಡುತ್ತಿದ್ದ. ಅಂಟು ಒಂದು ಹನಿಯೂ ಇಲ್ಲ. ಯಾರಾದರೂ ಕೇಳಿದರೆ, "ಹಸಿ ಇದೆಯಲ್ಲಪ್ಪಾ" ಎನ್ನುತ್ತಿದ್ದ. ನಾವು ಪಾಪ ಎಂದುಕೊಂಡು ಹಿಂದಿರುಗುತ್ತಿದ್ದೆವು.

ಅಂಗಳಕ್ಕೆಲ್ಲ ಹಿರಿಯರಾದ ಆಂತ್ವಿ ಮೇಸ್ತ್ರಿಯ ಹೆಂಡತಿ ಸೆರ್ವಾ ತೀರಿಕೊಂಡಾಗ, ಶವಪೆಟ್ಟಿಗೆಯನ್ನು ತಾವೇ ಮಾಡುವುದೆಂದು ಮೇಸ್ತ್ರಿ ಹಟ ಹಿಡಿದರು. ಶನಿವಾರ ಮಣ್ಣು. ಶುಕ್ರವಾರ ಮಧ್ಯಾಹ್ನ ಮುಚ್ಚಳವೊಂದು ಬಾಕಿ. ಹಲಗೆಗಳಿಗೆ ಅಂಟು ಹಚ್ಚಿ ಮೇಸ್ತ್ರಿ ನ್ಯಾರ್ಕೊನ ಚಪ್ಪರಕ್ಕೆ ಬಂದರು. ನ್ಯಾರ್ಕೊ ಬೆನ್ನು ತಿರುಗಿಸಿಕೊಂಡು ಮರ ಕೀಸುತ್ತಿದ್ದ.

"ಕ್ಲಾಂಪು ಇದೆಯೇನೋ?"

"ಹಸಿ ಇದೆ," ಎಂದುಬಿಟ್ಟ, ಯಾರೆಂದು ನೋಡದೆ. ಆಮೇಲೆ ತಿರುಗಿದ. ಮೇಸ್ತ್ರಿಯ ಬೆರಳುಗಳಿಗೆಲ್ಲ ಬಿಳಿ ಅಂಟು.

ಅವನ ಮುಖ ಕಪ್ಪಿಟ್ಟದ್ದನ್ನು ನಾನು ಕಂಡೆ. ಕಾರಣ ಆಗ ತಿಳಿಯಲಿಲ್ಲ. ಆ ಕ್ಷಣದಲ್ಲೇ "ತಗೊಳ್ಳಿ ಮೇಸ್ತ್ರಿ" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಹಾಗೆನ್ನಬೇಕಾದರೆ ಸುಳ್ಳು ಹೇಳಿದೆ ಎಂದೂ ಒಪ್ಪಿಕೊಳ್ಳಬೇಕಲ್ಲ.

"ಹಾಗಿದ್ರೆ ಮುಟ್ಟಬೇಡ, ಇರಲಿ. ಒಬ್ಬರ ಕೆಲಸ ಕೆಡಿಸಿ ನನ್ನದು ಆಗೋದು ಬೇಡ," ಎಂದರು ಮೇಸ್ತ್ರಿ.

ಅಗಲದ ಮುಚ್ಚಳ. ಟ್ಯೂಬು ಪಟ್ಟಿ ಬಿಗಿದರೆ ನಡುವೆ ಗೂನು ಬರುತ್ತದೆ. ಮೊಳೆ ಹೊಡೆಯೋಣವೇ ಎಂದೆ.

"ಅವಳ ಮೈಮೇಲೆ ಮೊಳೆ ಇಳಿಯಕೂಡದು. ಬನ್ನಿ, ಕೈಯಲ್ಲೇ ಹಿಡಿಯೋಣ."

ಮುಚ್ಚಳವನ್ನು ಗೋಡೆ ಬದಿಗೆ ಅಡ್ಡಡ್ಡ ನಿಲ್ಲಿಸಿದೆವು. ನಾನು ಮತ್ತು ಮೇಸ್ತ್ರಿ ಮೇಲಿನ ಅಂಚಿಗೆ ಮೈಭಾರ ಬಿಟ್ಟು ನಿಂತೆವು. ಸಂದುಗಳು ಜಾರದಂತೆ ನಡುವೆ ಅಂಗೈ ಒತ್ತಿ ನಿಂತವನು, ಕರೆಯದೆಯೇ ಓಡಿ ಬಂದ ನ್ಯಾರ್ಕೊ. ಬಿಸಿಲು ಸುಡುತ್ತಿತ್ತು. ಅವನು ನಮಗಿಂತ ಹೆಚ್ಚು ಬೆವರುತ್ತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಮೇಸ್ತ್ರಿಯ ಕಣ್ಣು ನ್ಯಾರ್ಕೊನ ಚಪ್ಪರದ ಕಡೆ ಹೋಯಿತು. ಅಂಗಳದಲ್ಲಿ ಅಂಟು, ಮೊಳೆ ಮಾರುವ ಪೊಕುವಾ ಅಲ್ಲೇ ನಿಂತಿದ್ದಳು.

"ಪೊಕುವಾ, ಅವನ ಹಲಗೆ ಬಿಸಿಲಿಗೆ ಬಿದ್ದಿದೆ ನೋಡಮ್ಮ, ಡೊಂಕಾಗುತ್ತೆ. ನೆರಳಿಗೆ ಎಳೆದಿಡು. ಪಾಪ, ನಮಗೋಸ್ಕರ ಇಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ."

"ಬೇಡ!" ಎಂದ ನ್ಯಾರ್ಕೊ. "ಬೇಡಕ್ಕಾ, ಇರಲಿ, ಮುಟ್ಟಬೇಡ!"

"ಅಯ್ಯೋ, ನಿನ್ನ ಹಲಗೆ ನಾನೇನು ತಿಂದ್ಬಿಡಲ್ಲ ಕಣೋ," ಎನ್ನುತ್ತ ಪೊಕುವಾ ಹೋಗಿ ಎಳೆದಳು. ಬೆಣೆಯೊಂದು ಸಡಿಲಾಗಿ ಬಿತ್ತು. ಅದರ ಹಿಂದೆ ಕ್ಲಾಂಪು. ಆಮೇಲೆ ಹಲಗೆಗಳು ಒಂದೊಂದಾಗಿ ಜಾರಿ ಅವಳ ಕಾಲಬುಡದಲ್ಲಿ ಚೆಲ್ಲಿಕೊಂಡವು. ಅಂಚುಗಳು ಒಣ ಒಣ, ಅಂಟಿನ ಸುಳಿವೇ ಇರಲಿಲ್ಲ.

ಪೊಕುವಾ ಒಂದು ಹಲಗೆ ಎತ್ತಿ ಅಂಚಿನ ಮೇಲೆ ಬೆರಳಾಡಿಸಿದಳು. ಇನ್ನೊಂದನ್ನೂ ನೋಡಿದಳು.

"ಥೂ! ನಿನ್ನ ಹಸಿ ಇದೇನೇನೋ? ಹೆಂಡತಿ ಹೆಣ ಇಟ್ಕೊಂಡು ಬಂದ ಮುದುಕನ ಹತ್ರನೂ ಹಿಂಗಂದ್ಯಾ? ನಿನ್ನ ಕೈಗೆ ಕರಿಹುಳ ಬೀಳ!"

ನನಗೆ ಮೈಯೆಲ್ಲ ಉರಿಯಿತು. ಕೈ ಬಿಟ್ಟು ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಬಿಡುವಂತಿರಲಿಲ್ಲ.

"ಮೇಸ್ತ್ರಿ, ಈಗ ತಂದುಬಿಟ್ಟೆ, ಕ್ಲಾಂಪು ಈಗಲೇ ಹಾಕ್ತೀನಿ," ಎಂದು ನ್ಯಾರ್ಕೊ ತೊದಲಿದ.

ಮೇಸ್ತ್ರಿ ಚೆಲ್ಲಿದ ಹಲಗೆಗಳ ಕಡೆ ತಿರುಗಲೂ ಇಲ್ಲ. "ಅಂಟು ಹಿಡ್ಕೊಳ್ತಾ ಇದೆ. ನೀನೀಗ ಕೈ ತೆಗೆದರೆ ಸಂದು ಹೋಯ್ತು. ನಿಂತ್ಕೊ," ಎಂದರು.

ನಿಂತ. ಓಡಿಹೋಗುವಂತಿಲ್ಲ, ಮುಖ ಮುಚ್ಚಿಕೊಳ್ಳುವಂತಿಲ್ಲ. ಸುದ್ದಿ ಕೇಳಿ ಆ ಚಪ್ಪರದಿಂದ ಈ ಚಪ್ಪರದಿಂದ ಜನ ಬಂದು ಹಲಗೆಗಳನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು, ಒರೆಸಿಕೊಳ್ಳಲು ಕೈಯಿರಲಿಲ್ಲ. ಅಂಥ ಅವಮಾನ ನನ್ನ ಶತ್ರುವಿಗೂ ಬೇಡ. ಸಿಟ್ಟಿನಲ್ಲಿದ್ದ ನಾನೇ ಬೇರೆ ಕಡೆ ನೋಡಿದೆ. ಅಂಟು ಹಿಡಿಯುವವರೆಗೆ ನಾವು ಮೂವರೂ ಹಾಗೇ ಇದ್ದೆವು.

ಮುಚ್ಚಳ ಗಟ್ಟಿಯಾಗಿ ಕೂಡಿಕೊಂಡಿತು. ಸಂದು ಎಲ್ಲಿದೆಯೆಂದು ಹುಡುಕಬೇಕು, ಹಾಗೆ ಕೂತಿತ್ತು. ಸಂಜೆಗೆ ನಾನೇ ಪಾಲಿಶ್ ಹಚ್ಚಿದೆ.

ಮಾರನೆಯ ದಿನ ಸೂತಕದ ಕಪ್ಪು ಕೆಂಪು ಬಟ್ಟೆಗಳಲ್ಲಿ ಊರೇ ಸೇರಿತ್ತು. ಮಣ್ಣಾದ ಮೇಲೆ, ಯಾರು ಏನು ನೆರವಾದರೆಂದು ಮೈಕಿನಲ್ಲಿ ಕೂಗುವುದು ನಮ್ಮಲ್ಲಿ ವಾಡಿಕೆ. ನ್ಯಾರ್ಕೊ ಕಟ್ಟಕಡೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. "ಸೆರ್ವಾ ಅಮ್ಮನ ಮುಚ್ಚಳವನ್ನು ಕೈಯಾರೆ ಹಿಡಿದು ನಿಂತ ಕ್ವಾಬೆನಾ ನ್ಯಾರ್ಕೊಗೆ ಕುಟುಂಬದ ಕೃತಜ್ಞತೆ!" ಎಂದಿತು ಮೈಕು. ನನ್ನ ಹೆಸರು ಅವನ ನಂತರ ಬಂತು.

ಹೊರಗಿನ ಜನ ತಲೆದೂಗಿದರು. ನಮ್ಮ ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಕರೆದ ಮೇಲೆ ಎದ್ದು ಹೋಗಿ ಸೂತಕದವರ ಕೈ ಕುಲುಕಲೇಬೇಕು. ನ್ಯಾರ್ಕೊ ಕುರ್ಚಿ ಹಿಡಿದುಕೊಂಡು ಎದ್ದ. ನಾನು ಅವನ ಬೆನ್ನಿಗೇ ಇದ್ದೆ. ಮೇಸ್ತ್ರಿಯ ಮುಂದೆ ನಿಂತು ಸಾಂತ್ವನದ ಮಾತು ಆಡಲು ಬಾಯಿ ತೆಗೆದ, ಹೊರಬಂದದ್ದು ಬೇರೆಯೇ.

"ನನ್ನ ಹತ್ರ ಕ್ಲಾಂಪು ಇತ್ತು, ಮೇಸ್ತ್ರಿ."

"ಗೊತ್ತು," ಎಂದರು ಮೇಸ್ತ್ರಿ. "ಮುಂದೆ ಹೋಗು. ಹಿಂದೆ ಜನ ನಿಂತಿದ್ದಾರೆ."