ಖಾಲಿ ಕಾಗದದ ಸಹಿ

ಸವಣೂರಿನಲ್ಲಿ ನಾನು ಮಾಸ್ತರನಾಗಿದ್ದೆ. ರಜೆ ಹಾಕಿ ಮದುವೆಗೆ ಬಂದಿದ್ದ ಪೊಲೀಸ್ ಫೌಜದಾರನೊಬ್ಬ, ಸೈಕಲ್ ತಾಗಿತೆಂಬ ಜಗಳಕ್ಕೆ, ವೀಳ್ಯದೆಲೆ ಮಾರುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯನ್ನು ಗುಂಡಿಕ್ಕಿ ಕೊಂದ.

ಹೆಣದ ಪಂಚನಾಮೆಗೆ ಸಾಕ್ಷಿಯಾಗಿ, ಪಂಚನಾಗಿ, ಪೊಲೀಸರು ನನ್ನನ್ನು ಕರೆದರು. ಕಳವಾಗಲಿ, ಸಾವಾಗಲಿ, ಪಂಚರು ಮೊದಲೇ ಖಾಲಿ ಕಾಗದಕ್ಕೆ ಸಹಿ ಹಾಕುವುದು, ಪೊಲೀಸರು ಆಮೇಲೆ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆ ರೂಢಿಗೆ ಬೆಂಕಿ ಬೀಳಲಿ. ಹೆಣದ ಪಕ್ಕ ಸೈಕಲ್ಲು, ಎಲೆಬುಟ್ಟಿ ಬಿಟ್ಟು ಏನೂ ಇರಲಿಲ್ಲ. ನೋಡಿದೆ, ಸಹಿ ಹಾಕಿ ಶಾಲೆಗೆ ಹೋದೆ.

ಕೋರ್ಟಿನಲ್ಲಿ ಆ ಕಾಗದ ಓದಿದಾಗ ಹೆಣದ ಕೈಗೆ ಕುಡಗೋಲು ಬಂದಿತ್ತು. ಸಹಿ ನನ್ನದೇ ಎಂದು ಒಪ್ಪಿಕೊಂಡೆ. ಕುಡಗೋಲು ಇರಲಿಲ್ಲವೆಂದೂ ಹೇಳಿದೆ.

"ಮತ್ತ ಓದಲಾರದ ಸಹಿ ಹಾಕಿದ್ರೇನ್ರಿ ಮಾಸ್ತರ?" ಎಂದು ಫೌಜದಾರನ ವಕೀಲ ಕೇಳಿದ.

ಆತ್ಮರಕ್ಷಣೆಗೆ ಗುಂಡು ಹಾರಿಸಿದನೆಂದು ಫೌಜದಾರ ಬಿಡುಗಡೆಯಾಗಿ ಮತ್ತೆ ನೌಕರಿಗೆ ಹೋದ.

ತೀರ್ಪಿನ ದಿನ ಕೋರ್ಟಿನ ಹೊರಗೆ ಸತ್ತವನ ತಾಯಿ ನಿಂತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆಕೆ ಮೆಲ್ಲಗೆ ಅಂದಳು: "ಓದಲಾರದ ಎಲ್ಲೂ ಸಹಿ ಹಾಕಬ್ಯಾಡ ಅಂತ ನನ್ನ ಮಗ ಯಾವಾಗಲೂ ಹೇಳ್ತಿದ್ದ. ಅವಗ ನೀವ ಕಲಿಸಿದ್ರಂತ್ರಿ."