ನಮ್ಮ ಭಾವನ ಅರ್ಧ ಗಾಲ್ಫ್

ನಮ್ಮ ಭಾವ ಟ್ರಾಫಿಕ್ ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದಾರೆ ಎಂದು ಇಲಾಖೆ ಹೇಳುತ್ತದೆ. ಭಾವ ಅದನ್ನು ಇನ್ನೂ ಒಪ್ಪಿಲ್ಲ. ಊಟಕ್ಕೆ ಕೂತಾಗ ಸಾಕು ಎನ್ನಲು ಬಾಯಿ ತೆರೆಯುವುದಿಲ್ಲ, ಅಂಗೈ ಎತ್ತಿ ತೋರಿಸುತ್ತಾರೆ. ಅಡುಗೆಮನೆಯಿಂದ ಒಬ್ಬರು ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ನುಗ್ಗಿದರೆ ಸೀಟಿ ಊದುತ್ತಾರೆ. "ನಾನು ಮನೇಲಿದೀನೋ ಸರ್ಕಲ್ಲಲ್ಲಿದೀನೋ ಗೊತ್ತಾಗಲ್ಲ ಕಣೋ," ಎಂದು ಅಕ್ಕ ನನ್ನ ಮುಂದೆ ಹಲ್ಲು ಕಡಿಯುತ್ತಾಳೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಭಾವ ಬೀದಿ ತುದಿಯಲ್ಲಿ ನಿಂತು, ಒಂದೇ ಸ್ಕೂಟರಿನಲ್ಲಿ ಮೂವರು ಬರುವ ಹುಡುಗರನ್ನು ತಡೆಯತೊಡಗಿದರು. ತಡೆದ ಮೇಲೇನು? ದಂಡ ಹಾಕುವ ಅಧಿಕಾರವಿಲ್ಲ, ಬುದ್ಧಿ ಹೇಳಿದರೆ ಕೇಳುವವರಿಲ್ಲ. ಕೊನೆಗೆ ಅವರೇ ಒಂದು ಶಿಕ್ಷೆ ಕಂಡುಹಿಡಿದರು.

"ನೀರಿನ ಟ್ಯಾಂಕ್ ಹಿಂದಿನ ಬಯಲಿಗೆ ನಡೀರಿ. ಗಾಲ್ಫ್ ಕೋಲು ಬೀಸಿ. ಬೆವರು ಬಂದ್ಮೇಲೆ ಗಾಡಿ ಕೀ ಕೊಡ್ತೀನಿ."

ಗಾಲ್ಫೇ ಯಾಕೆಂದರೆ, ಭಾವ ಸೇವೆಯ ಬಹುಭಾಗ ಕಳೆದದ್ದು ಗಾಲ್ಫ್ ಕ್ಲಬ್ಬಿನ ಬೇಲಿಗೆ ಅಂಟಿಕೊಂಡ ಸರ್ಕಲ್ಲಿನಲ್ಲಿ. ಕೆಂಪು ದೀಪ ಬಿದ್ದಾಗಲೆಲ್ಲ ತಿರುಗಿ ಬೇಲಿಯಾಚೆ ನೋಡುತ್ತಿದ್ದರು. ಬೇಲಿ ದಾಟಿ ಬಿದ್ದ ಚೆಂಡುಗಳು, ಕ್ಲಬ್ಬಿನವರು ಬಿಸಾಡಿದ ಹಳೇ ಕೋಲುಗಳು ಅವರ ಮನೆಯಲ್ಲಿ ರಾಶಿ ಬಿದ್ದಿದ್ದವು. ಕಾಲು ಎಲ್ಲಿಡಬೇಕು, ಸೊಂಟ ಹೇಗೆ ತಿರುಗಬೇಕು, ಎಲ್ಲ ಕರತಲಾಮಲಕ. ಒಂದ್ಸಲ ಟಿವಿಯಲ್ಲೂ ನೋಡಿ ಎಂದೆ. "ಕಣ್ಣಾರೆ ಕಂಡವನಿಗೆ ಟಿವಿ ಯಾಕಯ್ಯ?" ಎಂದು ಗದರಿದರು.

ವಿಚಿತ್ರವೆಂದರೆ, ಶಿಕ್ಷೆಗೆ ಬಂದ ಹುಡುಗರು ಮರುದಿನ ತಾವಾಗಿಯೇ ಬಂದರು. ಭಾವ ಬೈಯುವುದು ಜೋರು. ಆದರೆ ಚೆಂಡು ಚೆನ್ನಾಗಿ ಹಾರಿದರೆ ಹೊಡೆದವರಿಗಿಂತ ಮೊದಲು ಅವರೇ ಕುಣಿಯುತ್ತಿದ್ದರು. ಆ ಮಕ್ಕಳಿಗಾಗಿ ಮನೆಯಲ್ಲಿ ಯಾರೂ ಹಾಗೆ ಕುಣಿದಿರಲಿಕ್ಕಿಲ್ಲ.

ಅವರಲ್ಲೊಬ್ಬಳು ದರ್ಜಿಯ ಕಿರಿಮಗಳು. ದೀಪವಿಲ್ಲದ ಸೈಕಲ್ ಓಡಿಸಿ ಸಿಕ್ಕಿಬಿದ್ದವಳು. ಪರೀಕ್ಷೆಯಲ್ಲಿ ಫೇಲಾಗಿದ್ದಳು, ಹೊಲಿದ ಗುಂಡಿ ನಿಲ್ಲುತ್ತಿರಲಿಲ್ಲ, ಕೆಲಸಕ್ಕೆ ಬಾರದವಳು ಎಂದು ಮನೆಯವರೆಲ್ಲ ಕೈಬಿಟ್ಟಿದ್ದರು. ಅವಳು ಕೋಲು ಬೀಸಿದರೆ ಮಾತ್ರ ಚೆಂಡು ಹಿಂತಿರುಗಿ ನೋಡದೆ ಹೋಗುತ್ತಿತ್ತು.

ಅಷ್ಟರಲ್ಲಿ ಕ್ಲಬ್ಬಿನವರು ಒಂದು ಪ್ರಕಟಣೆ ಹಾಕಿದರು. ಊರಿನ ಮಕ್ಕಳಲ್ಲಿ ಒಬ್ಬರನ್ನು ಆರಿಸಿ ಪುಕ್ಕಟೆ ತರಬೇತಿ ಕೊಡುತ್ತಾರಂತೆ, ಕಲಿತ ಮೇಲೆ ಅಲ್ಲೇ ಕೆಲಸವಂತೆ. ಭಾವನಿಗೆ ಊಟ ರುಚಿಸಲಿಲ್ಲ. "ಇದೊಂದು ಸಿಕ್ರೆ ಆ ಹುಡುಗಿ ಬಾಳು ನೆಟ್ಟಗಾಗುತ್ತೆ ಕಣಯ್ಯ," ಎಂದು ನನ್ನ ತಲೆ ತಿಂದರು.

ಆಯ್ಕೆಯ ದಿನ ನಾನೂ ಹೋದೆ. ಅವಳ ಮೊದಲ ಹೊಡೆತಕ್ಕೆ ಕ್ಲಬ್ಬಿನ ಕೋಚ್ ಕುರ್ಚಿಯಿಂದ ಎದ್ದೇ ನಿಂತರು. ಭಾವ ಇಲ್ಲದ ಮೀಸೆ ತಿರುವಿಕೊಂಡರು. ಚೆಂಡು ಬಿದ್ದಲ್ಲಿಗೆ ಎಲ್ಲರೂ ನಡೆದೆವು. ನುಣ್ಣಗೆ ಕತ್ತರಿಸಿದ ಹುಲ್ಲು, ಒಂದು ಬಾವುಟ, ಅದರ ಬುಡದಲ್ಲಿ ಚೆಂಡು ಕೊನೆಗೆ ಬೀಳಬೇಕಾದ ಸಣ್ಣ ಗುಳಿ. ಚೆಂಡಿಗೂ ಗುಳಿಗೂ ನಡುವೆ ಒಂದು ಮಂಚದಷ್ಟು ಜಾಗ.

ಹುಡುಗಿ ಗುಳಿಯನ್ನು ನೋಡಿದಳು. ಭಾವನನ್ನು ನೋಡಿದಳು. "ಸರ್, ಈಗ?"

ಭಾವ ಪಿಳಿಪಿಳಿ ಕಣ್ಣು ಬಿಟ್ಟರು. ನಾನು ದೂರದ ಸರ್ಕಲ್ಲಿನ ಕಡೆ ತಿರುಗಿ ನೋಡಿದೆ. ನಡುವೆ ದಟ್ಟ ಮರಗಳ ಸಾಲು. ಅಯ್ಯೋ ದೇವರೇ! ಸರ್ಕಲ್ಲಿಗೆ ಕಾಣುವುದು ಆಟ ಶುರುವಾಗುವ ಜಾಗ ಮಾತ್ರ. ಈ ಮನುಷ್ಯ ಜೀವಮಾನದಲ್ಲಿ ಗುಳಿಯನ್ನೇ ಕಂಡಿಲ್ಲ! ಅಷ್ಟು ದೂರ ಹೋದ ಚೆಂಡು ತಾನಾಗಿಯೇ ಎಲ್ಲೋ ಬಿದ್ದುಕೊಳ್ಳುತ್ತದೆ ಎಂದುಕೊಂಡಿದ್ದಾರೆ.

"ಬೀಸಮ್ಮ," ಎಂದರು ಭಾವ, ಸಣ್ಣ ಧ್ವನಿಯಲ್ಲಿ.

ಬೀಸಿದಳು. ಕಾಲು ಸರಿ, ಸೊಂಟ ಸರಿ. ಚೆಂಡು ಗುಳಿ ದಾಟಿ, ಬಾವುಟ ದಾಟಿ, ಕೋಚ್ ತಲೆಯ ಮೇಲಿನ ಟೋಪಿ ಹಾರಿಸಿಕೊಂಡು ಕ್ಲಬ್ಬಿನ ಅಡುಗೆಮನೆ ಸೇರಿತು. ಒಳಗೆ ಪಿಂಗಾಣಿ ತಟ್ಟೆಗಳು ಬಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಡುಗಿಯ ಮುಖ ಸಣ್ಣಗಾಯಿತು.

"ಯಾರು ಕಲಿಸಿದ್ದು ನಿಂಗೆ?" ಎಂದರು ಕೋಚ್, ಟೋಪಿ ಎತ್ತಿಕೊಳ್ಳುತ್ತ.

ಭಾವ ಮುಂದೆ ಬಂದರು. "ನಾನು ಸ್ವಾಮಿ. ಅವಳದೇನೂ ತಪ್ಪಿಲ್ಲ. ನಂಗೆ ಅರ್ಧ ಆಟ ಮಾತ್ರ ಗೊತ್ತು. ಅದು ಅರ್ಧ ಅನ್ನೋದೂ ಈಗ್ಲೇ ಗೊತ್ತಾಗಿದ್ದು."

ಮಂತ್ರಿಯ ಕಾರನ್ನೂ ಬಿಡದೆ ನಿಲ್ಲಿಸಿದ ಮನುಷ್ಯ ಮಕ್ಕಳ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಅಲ್ಲಿಯತನಕ ನಗು ತಡೆದುಕೊಳ್ಳುತ್ತಿದ್ದ ನಾನು ಹೋಗಿ ಅವರ ಪಕ್ಕ ನಿಂತೆ.

ಕೋಚ್ ಗಲ್ಲ ಕೆರೆದುಕೊಂಡರು. "ಇಂಥ ಹೊಡೆತ ಕಲಿಸೋಕೆ ನಂಗೆ ವರ್ಷಗಟ್ಟಲೆ ಬೇಕು. ಗುಳಿಗೆ ಮೆಲ್ಲಗೆ ಉರುಳಿಸೋದು ಹೇಗಾದ್ರೂ ಕಲಿಸ್ಬಹುದು. ಇವಳನ್ನೇ ತಗೋತೀನಿ. ಆದ್ರೆ ಇನ್ಮೇಲೆ ಇವರ ಹತ್ರ ಕಲಿಯೋ ಹಾಗಿಲ್ಲ."

"ಹಾಗಾದ್ರೆ ನಂಗೆ ಬೇಡ," ಎಂದಳು ಹುಡುಗಿ.

"ಬಾಯ್ಮುಚ್ಚೇ! ಸೇರ್ಕೋ," ಎಂದು ಭಾವ ಅಬ್ಬರಿಸಿ, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ಹೊರಟುಬಿಟ್ಟರು.

ಅವಳ ತರಬೇತಿ ಶುರುವಾದ ದಿನ ಸಂಜೆ ಭಾವ ಬಯಲಿಗೆ ಹೋಗಲಿಲ್ಲ. ನಡುಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದರು. "ಬೈಯೋದೂ ಇಲ್ಲ ಕಣೋ, ಡಾಕ್ಟರಿಗೆ ತೋರಿಸೋಣ್ವಾ?" ಎಂದು ಅಕ್ಕ ಪಿಸುಗುಟ್ಟಿದಳು. ಆಗ ದರ್ಜಿಯ ಮಗಳು ಒಂದು ಗಿಡ್ಡ ಕೋಲು ಹಿಡಿದು ಒಳಗೆ ಬಂದಳು. ಕೇಳದೆಯೇ ಅಡುಗೆಮನೆಯಿಂದ ಒಂದು ಲೋಟ ತಂದು ನೆಲದ ಮೇಲೆ ಅಡ್ಡ ಮಲಗಿಸಿದಳು.

"ಬನ್ನಿ ಸರ್, ಇಲ್ಲಿ ನಿಲ್ಲಿ."

"ನನ್ನ ಹತ್ರ ಕಲೀಬಾರ್ದು ಅಂದಿದಾರಲ್ಲೇ!"

"ನಿಮ್ಮ ಹತ್ರ ಕಲೀಬಾರ್ದು ಅಂದ್ರು. ನಿಮಗೆ ಕಲಿಸ್ಬಾರ್ದು ಅಂತ ಹೇಳ್ಲಿಲ್ಲ."

ಭಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ಬಂದು ಅವಳು ತೋರಿಸಿದ ಜಾಗದಲ್ಲೇ ನಿಂತು ಹೊಡೆದರು. ಚೆಂಡು ಹೋಗಿ ಅಕ್ಕನ ಕಾಲ್ಬೆರಳಿಗೆ ಬಡಿಯಿತು.

"ಜೋರಾಯ್ತು ಸರ್," ಎಂದಳು ಹುಡುಗಿ. "ಇನ್ನೊಂದ್ಸಲ."