ಎಳ್ಳಮಾವಾಸ್ಯೆಯ ದಿನ ಒಬ್ಬಂಟಿಯಾಗುವ ಬಗೆ

ನಾನು ಬರೆದ ಕಥೆಗಳನ್ನು ಮೊದಲು ಕೇಳುವವಳು ಬೀದರಿನ ನೌಬಾದದಲ್ಲಿ ನಮ್ಮ ಕೆಳಮನೆಯಲ್ಲಿರುವ ದರ್ಜಿ ಹೆಂಗಸು. ಚಿಂತಾಕಿ ಕಡೆಯ ರೈತರ ಮಗಳು. ನಾನು ರಿಟೈರ್ ಆದ ಇಂಗ್ಲಿಷ್ ಟೀಚರ್. ಅವಳು ಮೆಷಿನ್ ತುಳಿಯುತ್ತಾಳೆ, ನಾನು ಓದುತ್ತೇನೆ. ಮೆಷಿನ್ ನಿಂತರೆ ಕಥೆಯಲ್ಲಿ ಏನೋ ತಪ್ಪಿದೆ ಎಂದರ್ಥ. ನನಗೆ ಬೇರೆ ಎಡಿಟರ್ ಇಲ್ಲ. ನಿಜ ಹೇಳಬೇಕೆಂದರೆ ಬೇರೆ ಕಂಪನಿಯೂ ಇಲ್ಲ.

ಕಳೆದ ತಿಂಗಳು ಓದಿದ ಕಥೆಯಲ್ಲಿ ಔರಾದಿನ ಒಬ್ಬ ವಿಧವೆ, ಎಲ್ಲರೂ ಹೊಲಪೂಜೆ ಮಾಡುವ ಎಳ್ಳಮಾವಾಸ್ಯೆಯ ಮಧ್ಯಾಹ್ನ, ತನ್ನ ಹೊಲದ ಬದುವಿನ ಮೇಲೆ ಒಬ್ಬಳೇ ಕೂತು ಅಳುತ್ತಾಳೆ. ಸುತ್ತ ಜೋಳದ ಪೈರು, ಮೇಲೆ ಒಂದು ಹದ್ದು. ವೆರಿ ಪೊಯೆಟಿಕ್ ಎಂದುಕೊಂಡಿದ್ದೆ. ಮೆಷಿನ್ ನಿಂತಿತು.

"ಟೀಚರಬಾಯಿ, ಆಕಿ ಅಲ್ಲಿ ಒಬ್ಬಾಕಿನೇ ಹ್ಯಾಂಗ ಕೂಡ್ತಾಳರಿ?"

"ಯಾಕ? ಆಕಿಗೆ ಗಂಡ ಇಲ್ಲ, ಮಕ್ಕಳಿಲ್ಲ."

"ಇರಲಿಕ್ಕಿಲ್ಲರಿ. ಬಾಜು ಹೊಲದಾಗ ಮಂದಿ ಇರ್ತಾರಲ್ಲ? ಆವತ್ತ ಊರಿಗೂರೇ ಹೊಲದಾಗ. ರಸ್ತಾದಾಗ ಹೋಗೋ ಬಸ್ ಡ್ರೈವರಗೂ ಕರ್ದು ಭಜ್ಜಿ ರೊಟ್ಟಿ ಉಣಿಸ್ತಾರ. ಈಕಿ ಅಳಾಕ ಬಾಯಿ ತೆಗದ್ರ ಯಾರರೆ ಅದರಾಗ ಒಂದು ಕಡಬು ತುರಕ್ತಾರ!"

ಅವಳು ನಕ್ಕಳು. ನಾನೂ ನಕ್ಕೆ, ಮುಖ ಮಾತ್ರ ಬಿಸಿಯಾಯಿತು. ನಾನು ಹುಟ್ಟಿದ್ದು ಭಾಲ್ಕಿಯಲ್ಲಿ. ಆದರೆ ಆರನೇ ವಯಸ್ಸಿಗೇ ಬೀದರಿನ ಕಾನ್ವೆಂಟ್ ಹಾಸ್ಟೆಲ್ ಸೇರಿದೆ. ಆ ಹಬ್ಬಕ್ಕೆ ಅಲ್ಲಿ ರಜೆ ಇರಲಿಲ್ಲ. ಜೋಳ, ಹದ್ದು ಎಲ್ಲ ಬಸ್ಸಿನ ಕಿಟಕಿಯಿಂದ ಕಂಡಿದ್ದೆ. ಊಟಕ್ಕೆ ಕರೆಯುವ ದನಿ ಅಷ್ಟು ದೂರ ಕೇಳಿಸುವುದಿಲ್ಲ.

"ಹಂಗಾದ್ರ ಆವತ್ತ ಒಬ್ಬಾಕಿನೇ ಇರೋದು ಇಂಪಾಸಿಬಲ್ ಏನವ್ವ?"

ಸೂಜಿಗೆ ದಾರ ಪೋಣಿಸುತ್ತ ಅವಳು ಯೋಚಿಸಿದಳು. "ಇರಬಹುದರಿ. ಮನ್ಯಾಗೇ ಕೂಡಬೇಕು. ಕರೀಲಿಕ್ಕ ಬಂದ್ರ ಬಾಗಲಾ ತೆಗೀಬಾರ್ದು."

ನಾನು ಹಾಳೆಗಳನ್ನು ಮಡಚಿಕೊಂಡು ಮೇಲೆ ಬಂದುಬಿಟ್ಟೆ. ಹೋದ ವರ್ಷ ಅದೇ ಹಬ್ಬದ ದಿನ, ತವರಿನ ಹೊಲಕ್ಕೆ ಹೊರಟವಳು ನನ್ನನ್ನು ಕರೆಯಲು ಬಾಗಿಲು ಬಡಿದಿದ್ದಳು. ನಾನು ಎಚ್ಚರವಾಗಿಯೇ ಇದ್ದೆ, ಮಂಚದ ಅಂಚಿನಲ್ಲಿ ಕೂತು. ಇನ್ನೊಬ್ಬರ ಕುಟುಂಬದ ನಡುವೆ ಗೆಸ್ಟ್ ಆಗಿ ಕೂತು, ನಿಮಗೆ ಯಾರ್‍ಯಾರಿದ್ದಾರೆ ಎಂಬ ಪ್ರಶ್ನೆಗೆ ನಗುತ್ತ ಉತ್ತರಿಸಬೇಕಲ್ಲ ಎಂಬ ಅಂಜಿಕೆ. ಮರುದಿನ, ನಿದ್ದೆ ಗುಳಿಗೆ ನುಂಗಿ ಮಲಗಿದ್ದೆ ಎಂದೆ. ಪಾಪ, ನಂಬಿದಳು.

ಅದನ್ನೇ ಬರೆದರೆ ಕಥೆ ಉಳಿಯುತ್ತದೆ. ಆದರೆ ನಾನು ಸುಳ್ಳು ಹೇಳಿದ್ದು ಅವಳಿಗೆ ತಿಳಿಯುತ್ತದೆ. ಆಮೇಲೆ ಅವಳು ನನ್ನನ್ನು ಕೂರಿಸಿಕೊಂಡು ಕೇಳುತ್ತಾಳೋ ಇಲ್ಲವೋ. ನಾಲ್ಕು ದಿನ ಕೆಳಗಿಳಿಯಲಿಲ್ಲ.

ಐದನೆಯ ದಿನ ಹೋಗಿ ಹೊಸ ಪುಟ ಓದಿದೆ. ವಿಧವೆ ಈಗ ಹೊಲದಲ್ಲಿಲ್ಲ. ಬಾಗಿಲಾಚೆ ಚಪ್ಪಲಿ ಸದ್ದು ದೂರ ಸರಿಯುವವರೆಗೆ ಉಸಿರು ಬಿಗಿಹಿಡಿದಿದ್ದಾಳೆ. ಮರುದಿನ ಗುಳಿಗೆಯ ನೆವ ಹೇಳುತ್ತಾಳೆ. ನಾನು ಓದಿ ಮುಗಿಸುವ ತನಕ ಇವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಈಗ ಖರೆ ಅನಸ್ತದರಿ," ಎಂದಳು. ಕೈಯಲ್ಲಿದ್ದ ಬ್ಲೌಸಿನ ತೋಳನ್ನು ಎರಡು ಸಲ ತಿರುವಿ ನೋಡಿದಳು. "ನಾ ಆವತ್ತ ಎರಡು ಸಲ ಬಡದಿದ್ದೆ, ಟೀಚರಬಾಯಿ."

"ಮೂರು ಸಲ," ಎಂದೆ.